ಕೈ ನೋಡದೆ ಕೇಳಿದ ವಯಸ್ಸು

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ... ಏಕೆಂದರೆ ತಪ್ಪು ನನ್ನದೂ ಇದೆ.

ಮೊನ್ನೆ ಒಂದು ಟ್ಯೂಷನ್ ಸೆಂಟರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು.

ಅಲ್ಲಿನ ಮ್ಯಾನೇಜರ್ ನನ್ನ ಫೈಲ್ ತೆರೆಯಲೇ ಇಲ್ಲ.

“ಏಜ್ ಎಷ್ಟು ಮೇಡಂ?”

“ಐವತ್ತೊಂಬತ್ತು.”

“ನಮ್ಗೆ ಎನರ್ಜಿ ಇರೋ ಟೀಚರ್ಸ್ ಬೇಕು... ನೀವಿನ್ನು ಆರಾಮಾಗಿ ಮನೇಲಿರಿ ಮೇಡಂ.”

ಒಂದೇ ಒಂದು ಲೆಕ್ಕ ಕೊಟ್ಟು ನೋಡಬಾರದಿತ್ತೇ? ಆಟೋದಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದೆ.

ಮನೆಗೆ ಬಂದರೆ ಗೇಟಿನ ಬಳಿ ಒಬ್ಬ ಅಜ್ಜಿ ನಿಂತಿದ್ದರು. ಹೆಸರು ದೇವೀರಮ್ಮ.

ನನ್ನ ಮಗಳು ಬಾಣಂತಿ. ಇಪ್ಪತ್ತು ದಿನದ ಮೊಮ್ಮಗಳಿಗೆ ನೀರೆರೆಯಲು ಯಾರಾದರೂ ಬೇಕೆಂದು ಪಕ್ಕದ ಮನೆಯವರಿಗೆ ಹೇಳಿದ್ದೆ. ಅವರು ಕಳಿಸಿದ್ದು ಇವರನ್ನು.

ನನಗೆ ಭಯವಾಯಿತು. ಎಳೆಯ ಮೈ... ಸೋಪು... ಕೈ ಜಾರಿದರೆ?

“ವಯಸ್ಸೆಷ್ಟು ಅಜ್ಜಿ?”

“ಎಪ್ಪತ್ತು ದಾಟಿರ್ಬೋದು ಕಣವ್ವ.”

“ಬೇಡ ಬಿಡಿ... ಈ ವಯಸ್ಸಲ್ಲಿ ಆರಾಮಾಗಿ ಮನೇಲಿರಿ.”

ಅಜ್ಜಿ ಸೆರಗು ಸರಿಮಾಡಿಕೊಂಡರು.

“ಈ ವರ್ಸ ನಿಮ್ದು ಆರನೇ ಮನೆ ಕಣವ್ವ, ಬಾಗ್ಲಲ್ಲೇ ಬ್ಯಾಡ ಅಂದಿದ್ದು. ಊರ್ ತುಂಬಾ ಮಕ್ಳಿಗೆ ಎರೆದ ಕೈ ಇದು, ಸುಮ್ಕೆ ಮಡಚ್ಕೊಂಡು ಕೂರಕಾಯ್ತದಾ? ಎಲ್ರೂ ವಯಸ್ಸು ಕೇಳ್ತೀರಿ... ಒಬ್ರಾದ್ರೂ ಒಂದ್ ಚೆಂಬು ನೀರು ಕೊಟ್ಟು, ಎರಿ ನೋಡಾನ ಅನ್ನಕಿಲ್ಲ.”

ಅಷ್ಟು ಹೇಳಿ ಗೇಟು ದಾಟಿದರು.

ಅರ್ಧ ಗಂಟೆಯ ಹಿಂದೆ ನಾನು ಕುದಿಯುತ್ತಿದ್ದುದು ಇದಕ್ಕೇ ಅಲ್ಲವೇ? ನನಗೆ ಚುಚ್ಚಿದ ಅದೇ ಮಾತನ್ನು ಅವರಿಗೆ ಹೇಳಿ ಕಳಿಸಿದ್ದೆ...

“ಅಜ್ಜೀ, ಒಂದ್ನಿಮಿಷ... ಬನ್ನಿ ಒಳಗೆ!”

ನೀರು ಕಾದ ಮೇಲೆ ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊದಲು ತಮ್ಮ ಮೊಣಕೈಗೆ ನೀರು ಸುರಿದುಕೊಂಡು ಬಿಸಿ ನೋಡಿದರು.

“ಯಾರವ್ವ ಇದನ್ನ ಕಾಯ್ಸಿದ್ದು? ಕೋಳಿ ಪುಕ್ಕ ಕೀಳಕಾ?”

ಕಾಯಿಸಿದ್ದು ನಾನು. ದಿನವೂ ಹೀಗೇ ಕಾಯಿಸುತ್ತಿದ್ದೆ...

ತಣ್ಣೀರು ಬೆರೆಸಿ ಎರೆದರು. ಸ್ನಾನವೆಂದರೆ ಕಿರುಚಿ ನೀಲಿಗಟ್ಟುತ್ತಿದ್ದ ಕೂಸು, ಆ ಕಾಲುಗಳ ಮೇಲೆ ಬೋರಲು ಮಲಗಿ ಒಮ್ಮೆ ಆಕಳಿಸಿತು. ಅಷ್ಟೇ.

ನಾನು ಟವೆಲ್ ಚಾಚಿ ಕೂಸನ್ನು ಎತ್ತಿಕೊಂಡೆ.

ಆಮೇಲೆ ಸಾಂಬ್ರಾಣಿ ಹಾಕುವಾಗ ಅಜ್ಜಿ ನನ್ನ ಮುಖ ನೋಡಿದರು. “ಹೊಗೆ ಜಾಸ್ತಿ ಆಯ್ತೇನವ್ವ? ಕಣ್ಣಲ್ಲಿ ನೀರು...”

“ಹ್ಞೂಂ ಅಜ್ಜಿ... ಹೊಗೆ. ನಾಳೆ ಎಷ್ಟೊತ್ತಿಗೆ ಬರ್ತೀರಿ?”

“ಬಿಸ್ಲು ಏರಕ್ ಮುಂಚೆ ಬತ್ತೀನಿ. ನೀರು ಮಾತ್ರ ನೀವ್ ಕಾಯ್ಸಬ್ಯಾಡಿ!”

ಟ್ಯೂಷನ್ ಸೆಂಟರಿನವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಆದರೆ ಈಗ ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

*ಕೆಲಸ ಕೇಳಿ ಬಂದವರ ಕೈ ನೋಡಿ... ವಯಸ್ಸು ಆಮೇಲೆ ಕೇಳಿ.*

“ಆರಾಮಾಗಿ ಮನೇಲಿರಿ” ಎಂದು ನೀವು ಕೊನೆಯ ಬಾರಿ ಯಾರನ್ನು ವಾಪಸ್ ಕಳಿಸಿದಿರಿ... ಅವರು ಆರಾಮ ಕೇಳಿಕೊಂಡು ಬಂದಿದ್ದರೇ?