ಗಿರಿರಾಜನ ಪರದೆಯಲ್ಲಿ ದಾಳಿಂಬೆ ಬಣ್ಣ

ಹನ್ನೊಂದನೆಯ ಸೀರೆಯೂ ವಾಪಸ್ ಬಂತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಅದೇ ಎರಡು ಪದ: ಬಣ್ಣ ಬೇರೆ.

"ತಗೊಳ್ಳಿ, ನಿಮ್ಮ ಲಿನಕ್ಸ್ ಪ್ರಸಾದ," ಎಂದು ಶಿವರಂಜನಿ ಅದನ್ನು ಗಂಡನ ಮೇಜಿನ ಮೇಲೆ ಕುಕ್ಕಿದಳು. ವಾಪಸ್ ಬಂದ ಸೀರೆಯನ್ನು ಅವಳು ಬಿಚ್ಚಿಯೂ ನೋಡುತ್ತಿರಲಿಲ್ಲ. ಕಂಪ್ಯೂಟರ್ ಮಾಡಿದ ಪಾಪವನ್ನು ಕಂಪ್ಯೂಟರಿನವನೇ ತೊಳೆಯಲಿ ಎಂಬುದು ಅವಳ ನ್ಯಾಯ.

ಗಿರಿರಾಜ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. ಶಾಲೆಯ ಕೆಲಸ ಬಿಟ್ಟು ಹೆಂಡತಿ ವಿಜಯನಗರದ ಈ ಬಾಡಿಗೆ ಮನೆಯಿಂದಲೇ ಇಳಕಲ್ ಸೀರೆ ಮಾರಲು ಶುರುಮಾಡಿದ್ದಳು. ಸೀರೆ ನೇಯ್ದು ಕಳಿಸುವವನು ಅವಳ ತವರೂರಿನ ಜಂಬಣ್ಣ. ಫೋಟೊ ತೆಗೆದು, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದಿಂದ ನಡೆಯುವ ತನ್ನ ಕಂಪ್ಯೂಟರಿನ ಪರದೆ ನೋಡಿಕೊಂಡು ಬಣ್ಣ ತಿದ್ದಿ, ವೆಬ್‌ಸೈಟಿಗೆ ಹಾಕುವುದು ಗಿರಿರಾಜನ ಪಾಲು. 'ಬಣ್ಣ ಬೇರೆ ಇದ್ದರೆ ಒಂದೂ ಪ್ರಶ್ನೆ ಕೇಳದೆ ವಾಪಸ್ ಪಡೆಯುತ್ತೇವೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದವನೂ ಅವನೇ. ಆಗ ಅವನಿಗೆ ತನ್ನ ಪರದೆಯ ಮೇಲೆ ಅಷ್ಟು ನಂಬಿಕೆ.

ಹಿಂದಿನ ದಿನವಷ್ಟೇ ಜಂಬಣ್ಣ ಫೋನ್ ಮಾಡಿದ್ದ. "ನೋಡವ್ವ, ನಾ ನೂಲಿಗೆ ಬಣ್ಣ ಹಾಕಾಕತ್ತಿ ನಲವತ್ತು ವರ್ಷ ಆತು. ಬಣ್ಣ ಸರಿ ಇಲ್ಲಂತ ಅನಿಸಿಕೊಂಡಾಂವ ಅಲ್ಲ. ಶ್ರಾವಣದಾಗೂ ಸೀರಿ ಹೊಳ್ಳಿ ಬಂದ್ರ ನಾ ಬ್ಯಾರೆಯವರಿಗೆ ಕೊಡ್ತೀನಿ." ಜಂಬಣ್ಣ ಕೈಬಿಟ್ಟರೆ ಅಂಗಡಿ ಮುಚ್ಚಿದಂತೆಯೇ. ಶಿವರಂಜನಿ ಅವತ್ತು ಊಟ ಮಾಡದೆ ಮಲಗಿದ್ದಳು.

ಗಿರಿರಾಜ ಟೊಂಕ ಕಟ್ಟಿ ನಿಂತ. ಮೊದಲು ಕೇಬಲ್ ಬದಲಿಸಿದ. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೌಲಭ್ಯವಿರುತ್ತದಲ್ಲ, ಅದನ್ನು ನಿಲ್ಲಿಸಿದ. ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಅದನ್ನೇ ಕಿತ್ತು ಇನ್ನೊಂದು ಹಾಕಿದ. ಪರದೆ ಪೂರ್ತಿ ಕಪ್ಪಾಯಿತು. ಅದನ್ನು ಕಿತ್ತು ಮೊದಲಿನದನ್ನೇ ಹಾಕಿದ. ದಾಳಿಂಬೆ ಬಣ್ಣ ಬದನೆಕಾಯಿ ಬಣ್ಣವಾಯಿತು.

"ಗುರು, ಸುಮ್ನೆ ಬೇರೆ ಕಂಪ್ಯೂಟರ್ ತಗೊಂಬಿಡು," ಎಂದ ಮನೆಗೆ ಬಂದಿದ್ದ ಆಫೀಸಿನ ಗೆಳೆಯ ಸಮರ್ಥ.

"ಡ್ರೈವರ್‌ದೇ ತಪ್ಪು ಮಗಾ. ಸಿಕ್ಕೇ ಸಿಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅಡುಗೆಮನೆಯಿಂದ ಉತ್ತರ ಬಂತು.

ಗಿರಿರಾಜ ವಿಷಯವನ್ನು ಶಾಸ್ತ್ರೀಯವಾಗಿ ನೋಡುವ ಮನುಷ್ಯ. ವಾಪಸ್ ಬಂದ ಪೆಟ್ಟಿಗೆಗಳ ಪಟ್ಟಿ ಮಾಡಿದ. ಹೆಚ್ಚಿನವು ಬರುವುದು ವಾರದ ಶುರುವಿನಲ್ಲಿ. ಭಾನುವಾರ ಬಿಡುವಾಗಿ ಬಿಸಿಲಿಗೆ ಹಿಡಿದು ನೋಡುತ್ತಾರೆ, ಬಣ್ಣದ ವ್ಯತ್ಯಾಸ ಆಗ ಗೊತ್ತಾಗುತ್ತದೆ ಎಂದು ತೀರ್ಮಾನಿಸಿದ. ಪೆಟ್ಟಿಗೆ ತೆರೆದರೆ ಘಮ್ಮೆನ್ನುವ ವಾಸನೆ. ಬೇಡವಾದ ಸೀರೆಯನ್ನೂ ಸುಗಂಧ ಹಚ್ಚಿ ಕಳಿಸುವ ಗಿರಾಕಿಗಳು. ಇಂಥ ಸಜ್ಜನರಿಗೆ ಮೋಸ ಮಾಡಿದೆನಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಎರಡು ವಾರದ ಮೇಲೆ ತಪ್ಪು ಸಿಕ್ಕಿತು. ಡ್ರೈವರ್ ಈ ಪರದೆಯನ್ನು ಟಿವಿ ಎಂದುಕೊಂಡು ಬಣ್ಣಗಳನ್ನು ಅರೆಬರೆಯಾಗಿ ಕಳಿಸುತ್ತಿತ್ತು. ಪೂರ್ತಿ ಕಳಿಸು ಎಂದು ಒಂದು ಸಾಲು ಬರೆದ, ಅಷ್ಟೆ. ದಾಳಿಂಬೆ ಸೀರೆಯನ್ನು ಪರದೆಯ ಪಕ್ಕ ಹಿಡಿದ. ಎರಡೂ ಒಂದೇ. ಎಲ್ಲ ಫೋಟೊಗಳನ್ನೂ ಹೊಸದಾಗಿ ತಿದ್ದಿ ಹಾಕಿದ.

ಮುಂದಿನ ವಾರವೇ ಆಷಾಢದ ರಿಯಾಯಿತಿ ಮಾರಾಟ ಶುರುವಾಯಿತು. ತಿಂಗಳಲ್ಲಿ ಮೂವತ್ತೆಂಟು ಸೀರೆ ಹೋದವು. ಒಂದೂ ವಾಪಸ್ ಬರಲಿಲ್ಲ.

ಗಿರಿರಾಜ ನೆಲದ ಮೇಲೆ ನಡೆಯುವುದನ್ನು ಬಿಟ್ಟ. ಆ ಒಂದು ಸಾಲನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೇಜಿನ ಮೇಲೆ ಅಂಟಿಸಿಕೊಂಡ. ಬಂದವರಿಗೆಲ್ಲ ಅದರ ಅರ್ಥ ವಿವರಿಸಿದ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡಲಿಲ್ಲ. ಶಿವರಂಜನಿ ತಪ್ಪೊಪ್ಪಿಕೊಂಡು ಶೇಂಗಾ ಹೋಳಿಗೆ ಮಾಡಿದಳು. "ಸುಮ್ನೆ ನಿಮ್ಮನ್ನ ಬೈದೆ," ಎಂದಳು. ಅಷ್ಟು ಕೇಳಲು ಅವನು ಇನ್ನೂ ನಾಲ್ಕು ಡ್ರೈವರ್ ಬೇಕಾದರೂ ಕೀಳುತ್ತಿದ್ದ. ಜಂಬಣ್ಣ ಖುಷಿಯಾಗಿ ಇನ್ನೂ ಇಪ್ಪತ್ತು ಸೀರೆ ಕಳಿಸಿದ.

ಶ್ರಾವಣದ ಎರಡನೆಯ ಸೋಮವಾರ ಬಾಗಿಲ ಗಂಟೆ ಬಾರಿಸಿತು. ಕೊರಿಯರ್‌ನವನ ಕೈಯಲ್ಲಿ ನಾಲ್ಕು ಪೆಟ್ಟಿಗೆ. ನಾಲ್ಕರ ಮೇಲೂ ಒಂದೇ ಮಾತು: ಬಣ್ಣ ಬೇರೆ.

ಗಿರಿರಾಜ ತಲೆಯ ಮೇಲೆ ಕೈ ಹೊತ್ತು ಕೂತ. ಅಂಟಿಸಿದ್ದ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದ. "ಬಿಡು, ನಾಳೆ ಬೇರೆ ಕಂಪ್ಯೂಟರ್ ತರ್ತೀನಿ. ಲಿನಕ್ಸ್ ಸಹವಾಸ ಸಾಕು," ಎಂದ. ಹನ್ನೆರಡು ವರ್ಷದ ನಿಷ್ಠೆ ಒಂದೇ ಮಾತಿಗೆ ಮುಗಿಯಿತು.

"ಸಂಜೆ ಜಂಬಣ್ಣ ಕಾಕಾ ಫೋನ್ ಮಾಡ್ತಾರೆ. ಏನಂತ ಹೇಳ್ಲಿ?" ಶಿವರಂಜನಿ ಕೈ ಚಾಚಿದಳು. "ಬಣ್ಣ ಎಷ್ಟು ಬೇರೆ ಇದೆ ಅಂತಾದ್ರೂ ನೋಡ್ತೀನಿ, ಕೊಡಿ ಇಲ್ಲಿ."

ವಾಪಸ್ ಬಂದ ಸೀರೆಯನ್ನು ಅವಳು ಮೊದಲ ಸಲ ಕೈಗೆತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಪರದೆಗೆ ಹಿಡಿದಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆಮೇಲೆ ಸೆರಗಿನ ಹತ್ತಿರ ಅವಳ ಬೆರಳು ನಿಂತಿತು. ಭುಜಕ್ಕೆ ಬರುವ ಜಾಗದಲ್ಲಿ ಪಿನ್ನು ಚುಚ್ಚಿದ ಎರಡು ತೂತು. ಮೂಗಿನ ಹತ್ತಿರ ಹಿಡಿದಳು: ಮಲ್ಲಿಗೆ ದಂಡೆ. ಸೀರೆಯನ್ನು ಜೋರಾಗಿ ಕೊಡವಿದಳು. ನೆರಿಗೆಯೊಳಗಿಂದ ಅರಿಸಿನ ಹಚ್ಚಿದ ನಾಲ್ಕು ಅಕ್ಷತೆ ಕಾಳು ಗಿರಿರಾಜನ ಕೀಬೋರ್ಡಿನ ಮೇಲೆ ಉದುರಿದವು.

"ಹೋದ ತಿಂಗಳು ಸೀರೆ ವಾಪಸ್ ಬರದೇ ಇದ್ದಿದ್ದು ನಿಮ್ಮ ಡ್ರೈವರ್ ಸರಿ ಹೋಗಿದ್ದಕ್ಕಲ್ಲ ರೀ," ಎಂದಳು ಶಿವರಂಜನಿ, "ಆಷಾಢದಲ್ಲಿ ಯಾರ ಮನೇಲೂ ಮದುವೆ ಇರಲ್ಲ, ಅದಕ್ಕೆ."