ಕೊಂಬೆಯ ಆಚೆ

"ಏಯ್, ಆ ಗೂಟ ಕಿತ್ತು ಬಿಸಾಕು! ಅದು ನನ್ನ ಮಗಳ ಎದೆ ಮೇಲೆ ಕೂತಿದೆ!"

ಫರ್ಹಾಳ ಕೂಗಿಗೆ ಯೆಹೂದಿಗಳ ಸ್ಮಶಾನದ ದೊಡ್ಡ ಮರದಿಂದ ಕಾಗೆಗಳೆಲ್ಲ ಎದ್ದು ಹಾರಿದವು. ಅರ್ಧ ರಂಗೂನಿನ ಕಾಗೆಗಳು ಆ ಮರದಲ್ಲೇ ಸಂಸಾರ ಹೂಡಿದ್ದವು. ಚರಂಡಿ ತೋಡಿಸಲು ಬಂದ ಮೇಸ್ತ್ರಿ ಕೋ ಟುನ್ ಮಾತ್ರ ಹೆದರಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದ. ಹೋದ ಮಳೆಗಾಲದಲ್ಲಿ ಸುತ್ತುಗೋಡೆ ಬಿದ್ದ ಮೇಲೆ ಅವರಿಬ್ಬರು ನಿಂತಿದ್ದ ಮೂಲೆ ಸ್ಮಶಾನದ್ದೋ ರಸ್ತೆಯದೋ ಎಂದು ಹೇಳುವವರೇ ಇರಲಿಲ್ಲ.

"ಸಮಾಧಿ ಎಲ್ಲಿದೆ ಅಜ್ಜಿ? ಕಲ್ಲಿರೋದೆಲ್ಲ ಅಲ್ಲಿ, ಒಳಗೆ. ಇಲ್ಲಿ ಬರೀ ಹುಲ್ಲು."

"ನಾಲ್ಕು ದಿನದ ಕೂಸಿಗೆ ಯಾರಪ್ಪಾ ಕಲ್ಲು ನಿಲ್ಲಿಸ್ತಾರೆ? ನಮ್ಮಲ್ಲಿ ನಿಲ್ಲಿಸ್ತಿರಲಿಲ್ಲ. ಇಲ್ಲಿ ಇನ್ನೂರು ಕೂಸುಗಳು ಮಲಗಿವೆ!"

"ಹೋದ ವಾರ ಐವತ್ತು ಅಂದಿದ್ರಿ."

"ಅದು ಹೋದ ವಾರ."

ಕೋ ಟುನ್ ನಕ್ಕುಬಿಟ್ಟ. ಫರ್ಹಾಳ ಮಾತನ್ನು ಆ ಬೀದಿಯಲ್ಲಿ ನಂಬುವವರೇ ಇರಲಿಲ್ಲ. ತನ್ನ ಮದುವೆ ಊಟಕ್ಕೆ ಬಂದವರ ಚಪ್ಪಲಿ ಸಾಲು ಬಂದರಿನವರೆಗೂ ಇತ್ತು ಎನ್ನುವವಳು ಅವಳು. ಇವತ್ತು ಹೇಳುತ್ತಿರುವುದು ನಿಜ. ಆದರೆ ನಿಜಕ್ಕೆ ಬೇರೆ ದನಿ ಎಲ್ಲಿಂದ ತರುವುದು?

ರಸ್ತೆಯ ಆಚೆ, ಟೈರ್ ಅಂಗಡಿಯ ಮುಂದೆ, ಉರಿಬಿಸಿಲಲ್ಲಿ ಮೆನಾಶೆ ನಿಂತಿದ್ದ. ಚಿಕ್ಕಂದಿನಿಂದ ಅವಳ ಜೊತೆ ಬೆಳೆದವನು. ಅವನದು ಕೊಹೆನ್ ಮನೆತನ, ಹಳೆಯ ಕಾಲದ ಪೂಜಾರಿಗಳ ವಂಶ. ಆ ವಂಶದವರು ಸಮಾಧಿಗಳ ನಡುವೆ ಕಾಲಿಡುವಂತಿಲ್ಲ. ಸಮಾಧಿಯ ಮೇಲೆ ಹಾದುಬಂದ ಕೊಂಬೆಯ ಕೆಳಗೂ ನಿಲ್ಲುವಂತಿಲ್ಲ. ಮಗು ಹೋದ ದಿನ ಫರ್ಹಾ ಅವನ ಪಕ್ಕದಲ್ಲೇ ಹೊರಗೆ ನಿಂತಿದ್ದಳು. ಹೆಂಗಸರು ಮಣ್ಣಿಗೆ ಹೋಗುತ್ತಿರಲಿಲ್ಲ. ಅವಳ ಗಂಡ ಎಜ್ರಾ ಬಿಳಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಈ ಮೂಲೆಗೆ ನಡೆದದ್ದನ್ನು ಇಬ್ಬರೂ ಗೋಡೆಯ ಮೇಲಿಂದ ನೋಡಿದ್ದರು.

ಆಗ ಮರ ಸಣ್ಣದು, ಬೀದಿ ತುಂಬ ಇವರವರೇ. ಶುಕ್ರವಾರ ಸಂಜೆಯಾದರೆ ಏಲಕ್ಕಿ ಹಾಕಿದ ಕೋಳಿ ಅನ್ನದ ಘಮಕ್ಕೆ ನಾಯಿಗಳೂ ಮನೆಮನೆಯ ಮುಂದೆ ಸ್ನಾನ ಮಾಡಿದವರಂತೆ ಕೂರುತ್ತಿದ್ದವು. ಆಮೇಲೆ ಒಬ್ಬೊಬ್ಬರೇ ದೇಶ ಬಿಟ್ಟು ಹಡಗು ಹತ್ತಿದರು. ಬೀದಿ ಖಾಲಿಯಾದಂತೆ ಮರ ತುಂಬಿಕೊಂಡಿತು. ಅವಳ ಜೊತೆ ಇಲ್ಲಿಗೆ ಬಂದಾಗಲೆಲ್ಲ, ಕೊಂಬೆ ಚಾಚಿದಷ್ಟೂ ಮೆನಾಶೆ ಹಿಂದೆ ಸರಿದ. ಗೋಡೆಯಿಂದ ಮೋರಿಗೆ, ಮೋರಿಯಿಂದ ರಸ್ತೆಗೆ, ಈಗ ಟೈರ್ ಅಂಗಡಿಗೆ. ಇನ್ನೆರಡು ಮಳೆಗಾಲ ಕಳೆದರೆ ಈ ಮರ ನಿನ್ನನ್ನು ನದಿಗೇ ನೂಕುತ್ತೆ ಎಂದು ಫರ್ಹಾ ರೇಗಿಸುತ್ತಿದ್ದಳು.

ಕೋ ಟುನ್ ಅವನತ್ತ ನೋಡಿದ. "ಆ ಅಜ್ಜ ಸುಳ್ಳು ಹೇಳೋರಲ್ಲ, ಸಮಾಧಿ ಇರೋ ಕಡೆ ಕಾಲಿಡೋರೂ ಅಲ್ಲ, ಬೀದಿಗೆಲ್ಲ ಗೊತ್ತು. ಒಂದು ಕೆಲಸ ಮಾಡೋಣ." ಹಗ್ಗದ ಪಕ್ಕ, ಹುಲ್ಲಿನ ಮೇಲೆ, ದಟ್ಟ ನೆರಳಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಕೈಯಲ್ಲೊಂದು ಗ್ಲಾಸ್ ಟೀ ಹಿಡಿದ. "ಕರೀರಿ ಅವರನ್ನ. ಬಂದು ಕೂತರೆ ಇಲ್ಲಿ ಸಮಾಧಿ ಇಲ್ಲ, ನಾನು ತೋಡ್ತೀನಿ. ಬರದಿದ್ದರೆ ಗೂಟ ಕೀಳ್ತೀನಿ. ನೀವೇ ಕರೀಬೇಕು, ಬಾಯಿ ತುಂಬ. ಕಣ್ಸನ್ನೆ ಗಿಣ್ಸನ್ನೆ ನಡಿಯಲ್ಲ."

ಫರ್ಹಾ ಮೆನಾಶೆಯತ್ತ ತಿರುಗಿದಳು. ಅವಳು ಕರೆದಾಗ ಮೆನಾಶೆ ಬರದೇ ಇದ್ದದ್ದೇ ಇಲ್ಲ. ಆದರೆ ಇಲ್ಲಿಗೆ ಬಾ ಎಂದು ಅವಳೂ ಎಂದೂ ಕರೆದಿರಲಿಲ್ಲ. ಬೆಳಗಿನಿಂದ ನಿಂತು ನಿಂತು ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಮೆನಾಶೇ! ಬಾರೋ ಇಲ್ಲಿ, ನೆರಳಿಗೆ! ಟೀ ಇದೆ. ನಾನು ಕರೀತಿದ್ದೀನಿ, ಬಾ!"

ಮೆನಾಶೆ ಅವಳನ್ನು ನೋಡಿದ. ಸ್ಟೂಲನ್ನು ನೋಡಿದ. ಒಂದು ಕಾಲು ಮುಂದಿಟ್ಟ.

ಫರ್ಹಾ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗಾಳಿ ಬೀಸಿ ಕೊಂಬೆಯ ತುದಿ ರಸ್ತೆಯ ಮೇಲೆ ತೂಗಿತು. ಅವನು ತಲೆಯೆತ್ತಿ ಅದನ್ನು ಕಂಡ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಮೆಲ್ಲಗೆ ಹಿಂದೆ ಸರಿದು, ಟೈರುಗಳ ನಡುವೆ ಬಿಸಿಲು ಇನ್ನೂ ಜೋರಾಗಿದ್ದ ಕಡೆ ಹೋಗಿ ನಿಂತ.

ಕೋ ಟುನ್ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ರಸ್ತೆಗೆ ಹೋಗಿ ಎಲೆಯಡಿಕೆ ಉಗಿದು ಬಂದು, ಬಗ್ಗಿ ಗೂಟ ಕಿತ್ತ. "ಚರಂಡಿ ಸೊಟ್ಟಗಾಗುತ್ತೆ. ಆಗಲಿ, ಬೈಸಿಕೋತೀನಿ," ಎಂದು ಟೀ ಗ್ಲಾಸನ್ನು ಫರ್ಹಾಳ ಕೈಗಿಟ್ಟ.

ಅವಳು ಅರ್ಧ ಟೀ ಚೆಲ್ಲುತ್ತಾ ರಸ್ತೆ ದಾಟಿದಳು.

"ಕರೆದರೆ ಬರಲ್ವಲ್ಲ, ಎಷ್ಟು ಸೊಕ್ಕೋ ನಿಂಗೆ!"

ಮೆನಾಶೆ ನಗಲಿಲ್ಲ. "ಅವತ್ತು ಎಜ್ರಾ ಒಬ್ಬನೇ ಗುದ್ದಲಿ ಹಿಡಿದ. ಕೂಸಿನ ಮಣ್ಣಿಗೆ ಜನ ಸೇರ್ತಿರಲಿಲ್ಲವಲ್ಲ, ಕೈಜೋಡಿಸೋಕೆ ಒಂದು ನರಪಿಳ್ಳೆ ಇರಲಿಲ್ಲ. ನಾನು ನೋಡ್ತಾ ನಿಂತೆ. ಅವತ್ತು ಹೆಜ್ಜೆ ಇಡಬೇಕಿತ್ತು ಫರ್ಹಾ."

"ಇಟ್ಟಿದ್ರೆ ಇವತ್ತು ನಿನ್ನನ್ನ ಯಾರು ನಂಬ್ತಿದ್ರೋ, ಕತ್ತೆ? ಟೀ ಕುಡಿ."