ಎಂಬತ್ತನಾಲ್ಕನೆಯ ಕಾಲು

ಹನ್ನೊಂದನೆಯ ಕಾಲಿನಲ್ಲೂ ಐದು ಬೆರಳು.

ಗಂಜಿಯಮ್ಮ ಹೂಜಿ ಬಗ್ಗಿಸಿದಳು. ಫಾದರ್ ಮಂಡಿಯೂರಿ ಬಡಗಿಯ ಬಲಗಾಲು ತೊಳೆದರು, ಒರೆಸಿದರು, ಮುತ್ತಿಟ್ಟರು. ಈಸ್ಟರಿಗೆ ಮೊದಲಿನ ಗುರುವಾರ ಹನ್ನೆರಡು ಗಂಡಸರ ಕಾಲು ತೊಳೆಯುವುದು ಚರ್ಚಿನ ವಾಡಿಕೆ. ಇವತ್ತು ಹನ್ನೆರಡನೆಯ ಸ್ಟೂಲು ಖಾಲಿ. ಬೇಕರಿಯವನು ಬಂದಿರಲಿಲ್ಲ.

"ಅವನಿಗೇನು ರೋಗ?" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರು. ನಾಲ್ಕು ಜನ ನಕ್ಕರು. ಗಂಜಿಯಮ್ಮ ನಗಲಿಲ್ಲ.

ಚರ್ಚಿನ ಬಟ್ಟೆ ಒಗೆದು ಗಂಜಿ ಹಾಕುವುದು ಅವಳ ಕೆಲಸ. ವರ್ಷ ಹೊರಳುವುದು ಅವಳಿಗೆ ತೊಟ್ಟಿಯಲ್ಲಿ ನೆನೆದ ಬಣ್ಣದಿಂದ ತಿಳಿಯುತ್ತಿತ್ತು. ಬಿಳಿ ಬಂದರೆ ಕ್ರಿಸ್‌ಮಸ್. ನೇರಳೆ ಬಂದರೆ ಉಪವಾಸದ ನಲವತ್ತು ದಿನ. ಕೆಂಪು ಬಂದರೆ ಶುಭ ಶುಕ್ರವಾರ, ಆಮೇಲೆ ಪೆಂತೆಕೋಸ್ತ್ ಹಬ್ಬ. ಕಪ್ಪು ಬಂದರೆ ಸತ್ತವರ ದಿನ. ಆ ಕಪ್ಪು ಬಟ್ಟೆಯನ್ನು ಅವಳು ಮೂರು ಸಲ ಹಿಂಡುತ್ತಿದ್ದಳು, ಯಾರದೋ ಕತ್ತು ಹಿಂಡಿದ ಹಾಗೆ.

ಏಳು ವರ್ಷದ ಹಿಂದೆ, ಶುಭ ಶುಕ್ರವಾರ, ಅವಳು ಆಸ್ಪತ್ರೆಗೆ ಹೊದಿಕೆ ಕೊಟ್ಟು ವಾಪಸು ಬಂದಾಗ ಹದಿನಾರರ ಮಗಳು ಮನೆಯ ಒಗೆಯುವ ಕೋಣೆಯಲ್ಲಿ ಹೆಣವಾಗಿದ್ದಳು. ರವಿಕೆ ಹರಿದಿತ್ತು. ಗಂಜಿಯ ಪಾತ್ರೆ ಉರುಳಿತ್ತು. ಚೆಲ್ಲಿದ ಗಂಜಿಯ ಮೇಲೆ ಒಂದು ಬರಿಗಾಲಿನ ಗುರುತು: ಬಲಗಾಲು, ಬೆರಳು ನಾಲ್ಕು. ಬೂಟಿನ ಸದ್ದಾಗಬಾರದೆಂದು ಬಿಚ್ಚಿಟ್ಟು ಬಂದಿದ್ದಾನೆ ನಾಯಿ, ಅಂದುಕೊಂಡಳು. ಮಗಳ ಮಾನ ಬೀದಿಪಾಲಾಗಬಾರದೆಂದು ಬೇರೆ ರವಿಕೆ ತೊಡಿಸಿದಳು, ನೆಲ ತೊಳೆದಳು. ಕಾಲು ಜಾರಿ ಕಲ್ಲಿಗೆ ತಲೆ ಬಡಿಯಿತು ಎಂದಳು. ಜನ ನಂಬಿದರು. ಬಡವರ ಮಕ್ಕಳು ಜಾರಿ ಬಿದ್ದರೆ ಯಾರು ಕೇಳುತ್ತಾರೆ?

ನಿಜ ಹೇಳಿದ್ದು ಒಬ್ಬರಿಗೆ ಮಾತ್ರ. ಆ ವರ್ಷವೇ ಬಂದಿದ್ದ ಹೊಸ ಫಾದರಿಗೆ, ಪಾಪನಿವೇದನೆಯ ಜಾಲರಿಯ ಈಚೆಗೆ ಕೂತು.

"ಬೇರೆ ಯಾರಿಗೂ ಹೇಳಬೇಡಮ್ಮ, ಅವನು ಹುಷಾರಾಗಿಬಿಡ್ತಾನೆ" ಎಂದಿದ್ದರು ಅವರು. "ವರ್ಷಕ್ಕೆ ಹನ್ನೆರಡು ಜನರ ಕಾಲು ತೊಳೀತೀನಲ್ಲ. ಪ್ರತಿ ವರ್ಷ ಹೊಸಬರನ್ನ ಕರೆಸ್ತೀನಿ. ನೀರು ನೀನೇ ಹಾಕು. ನೀನೇ ನೋಡು."

ಅವಳು ಜಾಲರಿಗೆ ಹಣೆ ಒತ್ತಿ ಅತ್ತಿದ್ದಳು. ದೇವರಂಥ ಮನುಷ್ಯ!

ಏಳು ವರ್ಷ. ಎಂಬತ್ತಮೂರು ಕಾಲು. ಆಗಸ್ಟ್ ತಿಂಗಳ ದೇವಮಾತೆಯ ಹಬ್ಬದಲ್ಲಿ ಗಂಡಸರೆಲ್ಲ ಹೊಳೆಗೆ ಇಳಿದಾಗ ಫಾದರ್ ದಡದಲ್ಲಿ ಕೂತು ಎಲ್ಲರ ಬಟ್ಟೆ ಕಾಯುತ್ತಿದ್ದರು. ಅವಳು ಒದ್ದೆ ಮರಳಿನ ಗುರುತುಗಳನ್ನು ಎಣಿಸುತ್ತಿದ್ದಳು. ಶುಭ ಶುಕ್ರವಾರ ಮಾತ್ರ ಅವಳು ಚರ್ಚಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಗಳು ಬಿದ್ದ ಕಲ್ಲಿನ ಪಕ್ಕದಲ್ಲೇ ದಿನವಿಡೀ ಕೂತಿರುತ್ತಿದ್ದಳು.

ಊರ ಗಂಡಸರಲ್ಲಿ ಈಗ ಉಳಿದವನು ಒಬ್ಬ.

ಪೂಜೆ ಮುಗಿಯುತ್ತಲೇ ಅವಳು ಒಗೆದ ಏಪ್ರನ್ನುಗಳ ಗಂಟು ಹೊತ್ತು ಬೇಕರಿಗೆ ಹೋದಳು. ಬೇಕರಿಯವನು ಹಿಟ್ಟಿನ ಮೂಟೆ ಹೆಗಲಿಗೇರಿಸಿ ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತಿದ್ದ.

"ಯಾಕಪ್ಪ ಬರಲಿಲ್ಲ?"

"ಬಿಡಕ್ಕ." ಅವನ ಕಿವಿಯೆಲ್ಲ ಕೆಂಪಾಯಿತು. "ನನ್ನ ಕಾಲು ನಾಲ್ಕು ಜನ ನೋಡೋ ಹಾಗಿಲ್ಲ."

"ನಾನೊಬ್ಬಳೇ ಇದೀನಿ. ತೋರಿಸು."

"ನಿನಗೇನಾಯ್ತಕ್ಕ? ಹುಚ್ಚೇ? ನನ್ನ ಹೆಂಡತಿಗೇ ತೋರಿಸಲ್ಲ ನಾನು."

ಅವನು ಬೆನ್ನು ತಿರುಗಿಸಿದ. ಅವಳು ಎರಡೂ ಕೈಯಿಂದ ನೂಕಿದಳು.

ಕಲ್ಲಿನ ಹದಿನಾಲ್ಕು ಮೆಟ್ಟಿಲು. ಮೂಟೆ ಒಡೆದು ನೆಲಮಾಳಿಗೆಯೆಲ್ಲ ಬೆಳ್ಳಗಾಯಿತು. ಅವಳು ಇಳಿದು ಹೋದಳು. ಅವನ ಕಣ್ಣು ಇನ್ನೂ ಆಡುತ್ತಿತ್ತು. ಅದು ನಿಲ್ಲುವವರೆಗೆ ಕಾದಳು. ಬಲಗಾಲಿನ ಬೂಟಿನ ಲಾಡಿಗೆ ಕೈ ಹಾಕಿದಾಗ ಮೇಲೆ ಅಂಗಡಿಯ ಬಾಗಿಲು ಕಿರ್ರೆಂದಿತು. ನೆಲಮಾಳಿಗೆಯ ಹಿತ್ತಲ ಬಾಗಿಲಿನಿಂದ ಜಾರಿಕೊಂಡಳು.

ಕಾಲು ಜಾರಿ ಬಿದ್ದ, ಪಾಪ, ಎಂದರು ಜನ.

ಶುಕ್ರವಾರ ಬೆಳಿಗ್ಗೆ ಅವಳು ವಾಡಿಕೆ ಮುರಿದು ಜಾಲರಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಫಾದರ್ ಕೇಳಿದರು.

"ಕಾಲು ನೋಡಿದೆಯಾ?"

"ಇಲ್ಲ ಫಾದರ್. ಗಿರಾಕಿ ಬಂದುಬಿಟ್ಟರು."

ನಿಟ್ಟುಸಿರು ಕೇಳಿಸಿತು. "ನೋಡೋದೇನಿದೆ ಬಿಡಮ್ಮ. ಇನ್ನು ಹುಡುಕಬೇಡ. ನಿನ್ನ ಪಾಪ ಕ್ಷಮಿಸಿದ್ದೇನೆ. ಪ್ರತಿ ವರ್ಷದ ಹಾಗೆ ಇವತ್ತೂ ಮನೆಯಲ್ಲೇ ಇದ್ದು ಪ್ರಾರ್ಥನೆ ಮಾಡು."

ಅವಳು ಮನೆಗೆ ಹೋದಳು. ಕಲ್ಲಿನ ಪಕ್ಕ ಕೂತಳು. ಏಳು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಗಿತ್ತು. ಮಗಳ ಲೆಕ್ಕ ಚುಕ್ತಾ ಆಯಿತು, ದೇವರಿಗೊಂದು ಮಾತು ಹೇಳಿಬರೋಣ ಅನ್ನಿಸಿತು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಚರ್ಚಿಗೆ ಹೋಗಿ ಎರಡನೆಯ ಬೆಂಚಿನಲ್ಲಿ ಕೂತಳು.

"ಅಯ್ಯೋ ಗಂಜಿಯಮ್ಮ! ಶುಕ್ರವಾರ ನೀನು?" ಪಕ್ಕದಲ್ಲಿದ್ದ ಸೂಲಗಿತ್ತಿ ಕಿವಿಗೆ ಬಾಯಿಟ್ಟಳು. ಹೆಣ ತೊಳೆಯುವುದೂ ಅವಳದೇ ಕೆಲಸ. "ಬೇಕರಿಯವನ ಕಥೆ ಕೇಳಿದೆಯಾ? ನಾನೇ ತೊಳೆದೆ. ಕಾಲು ನೋಡೋಕಾಗ್ತಿರಲಿಲ್ಲ ಕಣೇ. ಐದು ಬೆರಳಿನ ಸಂದಿಯಲ್ಲೂ ಕೀವು, ನಾತ. ಅದಕ್ಕೇ ನಾಚಿಕೊಂಡು ಬಂದಿಲ್ಲ, ಪಾಪದ್ದು."

"ಎರಡೂ ಕಾಲಲ್ಲೂ... ಐದು?"

"ಮತ್ತೆ? ಏನು ಆರಿರುತ್ತಾ? ಶ್! ಫಾದರ್ ಬಂದ್ರು."

ಎಲ್ಲರೂ ಮೊಣಕಾಲೂರಿದರು. ಕೆಂಪು ನಿಲುವಂಗಿಯ ಫಾದರ್ ತಲೆ ತಗ್ಗಿಸಿ ಬಂದರು. ಆ ದಿನದ ಪದ್ಧತಿಯಂತೆ ಬೋಳು ಪೀಠದ ಮುಂದೆ ಉದ್ದಕ್ಕೆ ಬೋರಲು ಮಲಗಿದರು. ಅಂಗಾಲು ಜನರ ಕಡೆಗಿತ್ತು.

"ಶುಭ ಶುಕ್ರವಾರ ಅವರು ಜೋಡು ಮೆಟ್ಟೋದೇ ಇಲ್ಲ, ಬೆಳಗಿನಿಂದ ಬರಿಗಾಲು" ಎಂದು ಸೂಲಗಿತ್ತಿ ಭಕ್ತಿಯಿಂದ ಪಿಸುಗುಟ್ಟಿದಳು. "ಪಾಪ, ಬಲಗಾಲಲ್ಲಿ ಕಿರುಬೆರಳಿಲ್ಲ ನೋಡು. ನಮಗೆಲ್ಲ ಗೊತ್ತು. ನೀನೊಬ್ಬಳೇ ಬರ್ತಿರಲಿಲ್ಲವಲ್ಲ."